ಇನ್ನೂರು ವರ್ಷದ ಮರ, ಇಂದು ಬೆಳಗ್ಗೆ ಕತ್ತರಿಸಿದ ಹುಲ್ಲು

2021ರ ಆಗಸ್ಟ್ 7, ಶನಿವಾರ. ಅಂದು ಬೆಳಗ್ಗೆ ಕರ್ನಾಟಕದ ಎಷ್ಟೋ ಮನೆಗಳ ಟಿ.ವಿ.ಯಲ್ಲಿ ಮೊದಲ ಬಾರಿಗೆ ಗಾಲ್ಫ್ ಓಡುತ್ತಿತ್ತು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ಕೈಚಾಚುವಷ್ಟು ಹತ್ತಿರದಲ್ಲಿದ್ದರು. ಮಗಳ ಬ್ಯಾಗು ಹೊತ್ತು ತಾಯಿಯೇ ಕ್ಯಾಡಿಯಾಗಿ ಜೊತೆಗೆ ನಡೆಯುತ್ತಿದ್ದರು. ಬರ್ಡಿ ಎಂದರೇನು, ಬೋಗಿ ಎಂದರೇನು ಎಂದು ತಿಳಿಯದವರೂ ತಿಂಡಿ ತಟ್ಟೆ ಕೈಯಲ್ಲಿ ಹಿಡಿದೇ ಕೂತಿದ್ದರು. ಕೊನೆಗೆ ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ಕೈತಪ್ಪಿತು, ನಾಲ್ಕನೆಯ ಸ್ಥಾನ ಸಿಕ್ಕಿತು.

ಆ ಬೆಳಗಿನ ಬೇಸರ ಕರಗಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಪರದೆಯ ಮೇಲೆ ಕಂಡದ್ದು ಕ್ರೀಡಾಂಗಣದಂತೆ ಇರಲಿಲ್ಲ. ಎತ್ತರದ ಪೈನ್ ಮರಗಳ ಸಾಲು, ಇಳಿಜಾರಿನ ಹುಲ್ಲು, ಕೊಳ, ನೆರಳು. ‘ಇದು ಆಟದ ಮೈದಾನವೋ, ಯಾರದೋ ತೋಟವೋ?’ ಎಂಬ ಪ್ರಶ್ನೆ ಅಂದಿನಿಂದ ಈ ಅಂಕಣದ ಓದುಗರಿಂದ ಬರುತ್ತಲೇ ಇದೆ. ಡಬ್ಲಿನ್‌ನಲ್ಲೋ ಲಂಡನ್‌ನಲ್ಲೋ ಕೆಲಸದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗಿಬರುವ ತಂದೆತಾಯಿಗಳು ಅದಕ್ಕೆ ಇನ್ನೊಂದನ್ನು ಸೇರಿಸುತ್ತಾರೆ: ಹಳ್ಳಿಗಾಡಿನಲ್ಲಿ ಚೆಂದದ ಗಾಲ್ಫ್ ಮೈದಾನಗಳಿವೆ ಎನ್ನುತ್ತಾರೆ, ಆಟವೇ ಬಾರದವರು ಅಲ್ಲಿ ಹೋಗಿ ನೋಡುವುದಾದರೂ ಏನು?

ಮೊದಲ ಪ್ರಶ್ನೆಗೆ ಉತ್ತರ ಸರಳ. ಅದಿತಿ ಆಡಿದ ಕಸುಮಿಗಸೆಕಿ ಕಂಟ್ರಿ ಕ್ಲಬ್ 1929ರಲ್ಲಿ ಶುರುವಾದದ್ದು. ಗಾಲ್ಫ್ ಜಗತ್ತು ಅಂಥ ಜಾಗವನ್ನು ಪಾರ್ಕ್‌ಲ್ಯಾಂಡ್ ಮೈದಾನ ಎನ್ನುತ್ತದೆ. ಅದು ಮೈದಾನವೂ ಹೌದು, ತೋಟವೂ ಹೌದು. ಎರಡನೆಯ ಪ್ರಶ್ನೆಯ ಉತ್ತರ ಉದ್ದ. ಅದನ್ನು ಹುಡುಕಲು ಕಸುಮಿಗಸೆಕಿಗಿಂತ ಐರ್ಲೆಂಡಿನ ಕಿಲ್ಕೆನಿ ಕೌಂಟಿಯ ಮೌಂಟ್ ಜೂಲಿಯೆಟ್ ಅನುಕೂಲ. ಅಲ್ಲಿ ಮೈದಾನದ ನಡುವೆಯೇ ಹೋಟೆಲು ಇದೆ, ಪಕ್ಕದಲ್ಲಿ ನದಿ ಹರಿಯುತ್ತದೆ, ನಡೆದಾಡಲು ದಾರಿಗಳಿವೆ. ಒಂದು ಪಾರ್ಕ್‌ಲ್ಯಾಂಡ್ ಹೇಗೆ ಹುಟ್ಟುತ್ತದೆ ಎಂಬುದರ ಇಡೀ ಕತೆ ಅಲ್ಲಿ ಕಣ್ಣಿಗೆ ಕಾಣುವಂತಿದೆ.

ಅಲ್ಲಿಗೆ ಹೋಗುವ ಮುನ್ನ ಸಮುದ್ರದ ದಂಡೆಗೆ ಹೋಗಿಬರಬೇಕು. ಗಾಲ್ಫ್ ಹುಟ್ಟಿದ್ದು ಮರಗಳ ನಡುವೆ ಅಲ್ಲ, ಸ್ಕಾಟ್‌ಲೆಂಡಿನ ಕಡಲ ತೀರದ ಮರಳು ದಿಬ್ಬಗಳಲ್ಲಿ. ಕಡಲಿಗೂ ಉಳುವ ಹೊಲಕ್ಕೂ ನಡುವಿನ, ಬೆಳೆ ಬಾರದ ಮರಳು ಜಾಗಕ್ಕೆ ಅಲ್ಲಿನವರು ಲಿಂಕ್ಸ್ ಎನ್ನುತ್ತಿದ್ದರು. ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನ ಅಂಥದ್ದು. 1764ರಲ್ಲಿ ಅಲ್ಲಿ ಆಟದ ಒಂದು ಸುತ್ತಿಗೆ 18 ಕುಳಿ ಎಂದು ಗೊತ್ತಾದದ್ದೇ ಮುಂದೆ ಲೋಕಕ್ಕೆಲ್ಲ ಲೆಕ್ಕವಾಯಿತು. ಲಿಂಕ್ಸ್‌ನಲ್ಲಿ ಮರವೇ ಇರುವುದಿಲ್ಲ ಎನ್ನಬಹುದು. ಗಾಳಿಯದೇ ಆಟ. ಐರ್ಲೆಂಡಿನ ಪಶ್ಚಿಮ ತೀರದ ಲಾಹಿಂಚ್ ಮೈದಾನದಲ್ಲಿ ಮೇಯುವ ಆಡುಗಳು ಕ್ಲಬ್ಬಿನ ಕಟ್ಟಡದ ಹತ್ತಿರ ಬಂದು ನಿಂತರೆ ಮಳೆ ಬರುತ್ತದೆ ಎಂದು ಆಟಗಾರರು ಕೊಡೆ ಹುಡುಕುತ್ತಿದ್ದರಂತೆ. ಕ್ಲಬ್ಬಿನ ಲಾಂಛನದಲ್ಲೂ ಆಡೇ ಇದೆ.

ಮರಳು ದಿಬ್ಬಗಳಲ್ಲಿ ಗಾಳಿಗೆ ಬೆನ್ನು ಕೊಟ್ಟು ಕುರಿಗಳು ಮಲಗುತ್ತಿದ್ದ ತಗ್ಗುಗಳೇ ಸವೆದು ಸವೆದು ಬಂಕರ್ ಎಂಬ ಮರಳುಗುಂಡಿಗಳಾದವು ಎನ್ನುತ್ತಾರೆ. ಪಾರ್ಕ್‌ಲ್ಯಾಂಡ್‌ಗೆ ಹೋದವರು ಇದನ್ನೊಮ್ಮೆ ನೆನೆಯಬೇಕು. ಕಡಲಿನಿಂದ ಹತ್ತಾರು ಮೈಲಿ ದೂರದ ಹಸಿರು ಬಯಲಿನಲ್ಲಿ, ಓಕ್ ಮರದ ಬುಡದ ಹತ್ತಿರ, ಬಿಳಿ ಮರಳಿನ ಗುಂಡಿ ಯಾಕೆ ಇರಬೇಕು? ಅಲ್ಲಿಯ ಮಣ್ಣಿಗೂ ಆ ಮರಳಿಗೂ ಸಂಬಂಧವಿಲ್ಲ. ಲಾರಿಯಲ್ಲಿ ತಂದು ಸುರಿದದ್ದು ಅದು. ಆಟ ಒಳನಾಡಿಗೆ ವಲಸೆ ಬಂದಾಗ ತವರಿನ ಗುರುತನ್ನು ಗಂಟು ಕಟ್ಟಿಕೊಂಡು ಬಂದಿದೆ.

ಹಾಗೆ ಬಂದಾಗ ಆಟಕ್ಕೆ ಸಿಕ್ಕಿದ್ದು ಯಾವ ನೆಲ? ಪಾರ್ಕ್ ಎಂದೊಡನೆ ಕನ್ನಡಿಗರಿಗೆ ಕಬ್ಬನ್ ಪಾರ್ಕ್ ನೆನಪಾಗುತ್ತದೆ, ಎಲ್ಲರೂ ಓಡಾಡುವ ಜಾಗ. ಆ ಮಾತಿನ ಹಳೆಯ ಅರ್ಥ ಇದಕ್ಕೆ ತದ್ವಿರುದ್ಧ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪಾರ್ಕ್ ಎಂದರೆ ಬೇಟೆಗಾಗಿ ಜಿಂಕೆಗಳನ್ನು ಸಾಕಲು ದೊರೆಗಳೂ ಶ್ರೀಮಂತರೂ ಬೇಲಿ ಹಾಕಿ ಮುಚ್ಚಿಟ್ಟ ಕಾಡು. ಹದಿನೆಂಟನೆಯ ಶತಮಾನದಲ್ಲಿ ಆ ಬೇಟೆಕಾಡುಗಳೇ ನೋಟದ ತೋಟಗಳಾದವು. 1716ರಲ್ಲಿ ಹುಟ್ಟಿದ ಲ್ಯಾನ್ಸ್‌ಲಾಟ್ ಬ್ರೌನ್ ಎಂಬಾತ ಈ ಕೆಲಸದಲ್ಲಿ ಎಲ್ಲರಿಗಿಂತ ಹೆಸರು ಮಾಡಿದ. ನೇರ ಗೆರೆಯ ಪಾತಿಗಳನ್ನು ಕಿತ್ತುಹಾಕಿ, ಮನೆಯ ಹೊಸ್ತಿಲಿನ ತನಕ ಹುಲ್ಲನ್ನು ಎಳೆದುತಂದ. ತೊರೆಗೆ ಒಡ್ಡು ಕಟ್ಟಿ ಬಳುಕುವ ಕೆರೆ ಮಾಡಿದ. ಬಯಲಿನಲ್ಲಿ ಅಲ್ಲಲ್ಲಿ ಮರಗಳ ಗುಂಪು ನೆಟ್ಟ. ನೋಡಿದವರಿಗೆ ಅದು ದೇವರು ಮಾಡಿದಂತೆ ಕಾಣಬೇಕು, ತೋಟಗಾರನ ಕೈ ಕಾಣಬಾರದು ಎಂಬುದು ಆ ಕಾಲದ ರುಚಿ.

ಆ ರುಚಿಯ ಅತಿ ಜಾಣ ಉಪಾಯಕ್ಕೆ ಹಾ-ಹಾ ಎಂದೇ ಹೆಸರು. ತೋಟಕ್ಕೂ ದನ ಮೇಯುವ ಬಯಲಿಗೂ ನಡುವೆ ಬೇಲಿ ಬೇಕು, ಆದರೆ ಅದು ಕಾಣಬಾರದು. ಅದಕ್ಕಾಗಿ ಕಂದಕ ತೋಡಿ, ಗೋಡೆಯನ್ನು ಅದರೊಳಗೇ ಕಟ್ಟಿದರು. ಮನೆಯ ಕಿಟಕಿಯಿಂದ ನೋಡಿದರೆ ಹುಲ್ಲು ಎಲ್ಲೂ ತುಂಡಾಗದೆ ದಿಗಂತದ ತನಕ ಹರಿದಂತೆ. ಹತ್ತಿರ ಹೋದವರು ಮಾತ್ರ ಕಂದಕದ ಅಂಚಿನಲ್ಲಿ ಬೆಚ್ಚಿ ‘ಹಾ!’ ಎನ್ನಬೇಕು. ಇಂದಿನ ಗಾಲ್ಫ್ ವಿನ್ಯಾಸಕಾರರು ಬಂಕರ್‌ನ ಮುಂದಿನ ಅಂಚನ್ನು ಎತ್ತರಿಸಿಯೋ ತಗ್ಗಿಸಿಯೋ ದೂರವನ್ನು ಮರೆಮಾಚುವ ಚಮತ್ಕಾರ ಇದೇ ಕುಲದ್ದು.

ಹುಲ್ಲಿನ ಕತೆಯೂ ಒಂದಿದೆ. ಕಡಲ ತೀರದ ಮರಳಿನಲ್ಲಿ ಹುಲ್ಲು ಕುಳ್ಳಗೆ, ಬಿರುಸಾಗಿ ಬೆಳೆಯುತ್ತದೆ; ಕುರಿಗಳು ಮೇಯ್ದರೆ ಸಾಕು. ಒಳನಾಡಿನ ಜೇಡಿ ಮಣ್ಣಿನಲ್ಲಿ ಮಳೆ ಬಿದ್ದರೆ ಹುಲ್ಲು ಮೊಣಕಾಲೆತ್ತರ ಏಳುತ್ತದೆ, ಅದರಲ್ಲಿ ಚೆಂಡು ಹುಡುಕುವುದೇ ಆಟವಾಗುತ್ತದೆ. ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳ ದಂಡು ಇಟ್ಟುಕೊಳ್ಳಬಲ್ಲವರಿಗೆ ಮಾತ್ರ ಅಂಗಳದಂಥ ಹುಲ್ಲು ಸಾಧ್ಯವಿತ್ತು. 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸವರಿ ನಯಗೊಳಿಸಲು ಆ ಊರಿನ ಗಿರಣಿಗಳಲ್ಲಿದ್ದ ಸುರುಳಿ ಕತ್ತಿಯೇ ಅವನಿಗೆ ದಾರಿ ತೋರಿಸಿದ್ದು. ಬಟ್ಟೆಗೆ ಮಾಡುವುದನ್ನು ನೆಲಕ್ಕೆ ಯಾಕೆ ಮಾಡಬಾರದು ಎಂದುಕೊಂಡ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಾಲ್ಫ್ ಹುಚ್ಚು ಹಬ್ಬಿ, ನಗರದವರು ರೈಲು ಹತ್ತಿ ಹಳ್ಳಿಯ ಮೈದಾನ ಹುಡುಕತೊಡಗಿದಾಗ ಯಂತ್ರವೂ ಸಿದ್ಧವಿತ್ತು, ನೂರಾರು ಎಕರೆಯ ಪಾರ್ಕುಗಳೂ ಸಿದ್ಧವಿದ್ದವು.

ಮೌಂಟ್ ಜೂಲಿಯೆಟ್‌ಗೆ ಡಬ್ಲಿನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ. ರೈಲೂ ಇದೆ: ಹ್ಯೂಸ್ಟನ್ ನಿಲ್ದಾಣದಿಂದ ವಾಟರ್‌ಫರ್ಡ್ ಕಡೆಗೆ ಹೋಗುವ ಗಾಡಿ ಕಿಲ್ಕೆನಿ ದಾಟಿ ಥಾಮಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೈದಾನ ದೂರವಿಲ್ಲ. ಊರಿನ ಹತ್ತಿರವೇ ಜರ್ಪಾಯಿಂಟ್ ಎಂಬ ಹನ್ನೆರಡನೆಯ ಶತಮಾನದ ಕ್ರೈಸ್ತ ಮಠದ ಅವಶೇಷವಿದೆ. ಕಂಬಗಳ ನಡುವೆ ಕೆತ್ತಿದ ಸಂತರೂ ಯೋಧರೂ ಮಳೆಗಾಳಿಗೆ ಮುಖ ಸವೆದರೂ ಇನ್ನೂ ನಿಂತಿದ್ದಾರೆ. ಮೈದಾನಕ್ಕೆ ಹೋಗುವ ಮೊದಲು ಅಲ್ಲೊಂದು ಗಳಿಗೆ ಕಳೆದರೆ ಆ ಸೀಮೆಯ ವಯಸ್ಸು ಮನಸ್ಸಿಗೆ ಬರುತ್ತದೆ.

ದೊಡ್ಡ ಗೇಟು ದಾಟಿದ ಮೇಲೆ ಮನೆ ತಕ್ಷಣ ಕಾಣುವುದಿಲ್ಲ. ದಾರಿ ಬಳುಕುತ್ತ, ಮರಗಳ ಮರೆಯಲ್ಲಿ ಸಾಗಿ, ಕಾಯಿಸಿ ಕಾಯಿಸಿ ತೋರಿಸುತ್ತದೆ. ನೋರ್ ನದಿಯ ದಂಡೆಯ ಏರಿನ ಮೇಲೆ ನಿಂತ ಈ ಮನೆಯನ್ನು ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದ್ದು ಕ್ಯಾರಿಕ್‌ನ ಮೊದಲ ಅರ್ಲ್. ಹೆಂಡತಿ ಜೂಲಿಯಾನಾಳ ಹೆಸರನ್ನೇ ಗುಡ್ಡಕ್ಕೂ ಮನೆಗೂ ಇಟ್ಟ. ಇಪ್ಪತ್ತನೆಯ ಶತಮಾನದಲ್ಲಿ ಅದು ಮೆಕಾಲ್‌ಮಂಟ್ ಮನೆತನದ ಕೈಗೆ ಬಂತು. ಅವರಿಗೆ ಕುದುರೆಯೇ ಲೋಕ. ಬೂದು ಮೈಮೇಲೆ ಸುಣ್ಣ ಚಿಮುಕಿಸಿದಂತೆ ಬಿಳಿ ಮಚ್ಚೆಗಳಿದ್ದ ಅವರ ದಿ ಟೆಟ್ರಾರ್ಕ್ ಎಂಬ ಕುದುರೆ 1913ರಲ್ಲಿ ಓಡಿದ ಏಳೂ ಪಂದ್ಯಗಳನ್ನು ಗೆದ್ದು, ಮತ್ತೆಂದೂ ಓಡದೆ, ಇಲ್ಲಿನ ಬ್ಯಾಲಿಲಿಂಚ್ ಲಾಯದಲ್ಲಿ ತಳಿಯ ಮೂಲಪುರುಷನಾಗಿ ಬಾಳಿತು. ಆ ಲಾಯದಲ್ಲಿ ಇಂದಿಗೂ ಕುದುರೆ ಸಾಕುತ್ತಾರೆ.

ಇಂಥ ಮನೆಗಳ ಸುತ್ತ ಎತ್ತರದ ಕಲ್ಲುಗೋಡೆ ಇರುವುದು ಐರ್ಲೆಂಡಿನಲ್ಲಿ ಸಾಮಾನ್ಯ. ಆ ಗೋಡೆಯನ್ನು ಬರಿ ಚೆಂದಕ್ಕೆ ಕಟ್ಟಿದ್ದಲ್ಲ. ಒಳಗೆ ಒಡೆಯ, ಹೊರಗೆ ಗೇಣಿದಾರ. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕರ್ನಾಟಕದಲ್ಲಿ 1974ರಲ್ಲಿ ಕಾನೂನಿನ ಬಲ ಸಿಕ್ಕಿತು. ಐರ್ಲೆಂಡಿನಲ್ಲಿ ಗೇಣಿ ರೈತರು ಸರ್ಕಾರದ ಸಾಲ ಪಡೆದು ತಾವು ಉಳುವ ನೆಲವನ್ನು ಕೊಳ್ಳಲು 1903ರ ವಿಂಡಮ್ ಕಾಯ್ದೆ ದಾರಿ ಮಾಡಿತು. ಗೇಣಿಯ ಆದಾಯ ನಿಂತ ಮೇಲೆ ಒಳಗಿನ ಮನೆಗಳು ಸೊರಗಿದವು. 1919ರಿಂದ 1923ರ ತನಕದ ಸ್ವಾತಂತ್ರ್ಯ ಹೋರಾಟ, ಅಂತರ್ಯುದ್ಧಗಳ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ದೊಡ್ಡ ಮನೆಗಳಿಗೆ ಬೆಂಕಿ ಬಿತ್ತು. ಉಳಿದವುಗಳಲ್ಲಿ ಎಷ್ಟೋ ಮಠ, ಶಾಲೆಗಳಾದವು. ಕೆಲವು ಸೋರುವ ಮಾಡಿನ ಕೆಳಗೆ ಕುಸಿದವು. ಶತಮಾನದ ಕೊನೆಯ ದಶಕಗಳಲ್ಲಿ ಹೋಟೆಲು ಮತ್ತು ಗಾಲ್ಫ್ ಕೆಲವಕ್ಕೆ ಎರಡನೆಯ ಜನ್ಮ ಕೊಟ್ಟವು. ಮೌಂಟ್ ಜೂಲಿಯೆಟ್, ಕಿಲ್ಡೇರ್‌ನ ಕಾರ್ಟನ್ ಹೌಸ್, 2006ರಲ್ಲಿ ರೈಡರ್ ಕಪ್ ಎಂಬ ಗಾಲ್ಫ್ ಪಂದ್ಯ ನಡೆದ ಕೆ ಕ್ಲಬ್, 2027ರ ರೈಡರ್ ಕಪ್‌ಗೆ ಗೊತ್ತಾಗಿರುವ ಲಿಮರಿಕ್‌ನ ಅಡೇರ್ ಮ್ಯಾನರ್, ಎಲ್ಲವೂ ಈ ಸಾಲಿನವೇ.

ಗಾಲ್ಫ್ ಶ್ರೀಮಂತರ ಆಟ ಎಂಬ ದೂರು ಸುಳ್ಳಲ್ಲ. ಅಡೇರ್, ಮೌಂಟ್ ಜೂಲಿಯೆಟ್‌ಗಳಲ್ಲಿ ಒಂದು ಸುತ್ತು ಆಡುವ ಶುಲ್ಕ ಸಾಮಾನ್ಯ ಸಂಬಳದವರ ಕೈಗೆ ಭಾರವೇ. ಆದರೂ ಒಂದು ಕಾಲಕ್ಕೆ ಗೇಣಿ ಕೊಡಲು ಟೊಪ್ಪಿಗೆ ಕೈಯಲ್ಲಿ ಹಿಡಿದು ಬರಬೇಕಿದ್ದವರ ಮರಿಮಕ್ಕಳು ಇಂದು ಅದೇ ಗೇಟಿನಿಂದ ಒಳಬಂದು, ಅದೇ ಲೈಮ್ ಮರಗಳ ಕೆಳಗೆ ಚಹಾ ಕುಡಿಯುತ್ತಾರೆ. ಗೋಡೆಯಲ್ಲಿ ಬಾಗಿಲು ತೆರೆದಿದೆ ಎಂಬುದು ಸಣ್ಣ ಸಂಗತಿಯಲ್ಲ.

ಇಲ್ಲಿಯ ಲೈಮ್ ನಿಂಬೆಯ ಜಾತಿಯದಲ್ಲ. ಹೃದಯದಾಕಾರದ ಎಲೆ, ಜೂನ್ ಕೊನೆಗೆ ಸುಗಂಧದ ತಿಳಿಹಳದಿ ಹೂ, ಹೂ ಬಿಟ್ಟಾಗ ಇಡೀ ಮರವೇ ಗುಂಯ್‌ಗುಡುವಷ್ಟು ಜೇನ್ನೊಣ. ಅದರ ಜೊತೆಗೆ ಓಕ್, ಬೀಚ್, ಚೆಸ್ಟ್‌ನಟ್. ನೆಟ್ಟವರಿಗೆ ಗಾಲ್ಫ್ ಎಂಬ ಆಟದ ಗುರುತೇ ಇದ್ದಿರಲಿಕ್ಕಿಲ್ಲ. ತಾವು ನೆಟ್ಟದ್ದು ಪೂರ್ಣ ಬೆಳೆದು ನಿಂತದ್ದನ್ನು ಅವರು ನೋಡಲೂ ಇಲ್ಲ. 18 ಮೇಜರ್ ಪ್ರಶಸ್ತಿ ಗೆದ್ದ ಅಮೆರಿಕದ ಜ್ಯಾಕ್ ನಿಕ್ಲಸ್‌ಗೆ ಇಲ್ಲಿ ಮೈದಾನ ರೂಪಿಸುವ ಕೆಲಸ ಸಿಕ್ಕಿದಾಗ ಆ ಮರಗಳು ಬೆಳೆದು ನಿಂತಿದ್ದವು. 1991ರಲ್ಲಿ ತೆರೆದ ಮೈದಾನ ಮೊದಲ ದಿನವೇ ಹಳೆಯದರಂತೆ ಕಂಡಿತು. ಹೊಸದಾಗಿ ಕಟ್ಟಿದ ಎಷ್ಟೋ ಮೈದಾನಗಳು ಕಡ್ಡಿಯಂಥ ಸಸಿ ನೆಟ್ಟು ಮೂವತ್ತು ವರ್ಷ ಕಾಯುತ್ತವೆ.

ನೋಡಲು ಬಂದವರು ಮೊದಲು ತಿಳಿಯಬೇಕಾದ್ದು ನಾಲ್ಕೇ ಮಾತು. ಆಟ ಶುರುವಾಗುವ ಸಣ್ಣ ಕಟ್ಟೆ ಟೀ. ಅಲ್ಲಿಂದ ಮುಂದೆ ನಯವಾಗಿ ಕತ್ತರಿಸಿದ ಅಗಲ ಪಟ್ಟಿ ಫೇರ್‌ವೇ. ಅದರ ಎರಡೂ ಬದಿ ಎತ್ತರ ಬಿಟ್ಟ ಹುಲ್ಲು ರಫ್. ಕೊನೆಯಲ್ಲಿ, ಬಾವುಟವಿರುವ ಕುಳಿಯ ಸುತ್ತ, ಚಾಪೆಯಂತೆ ಹಾಸಿದ್ದು ಗ್ರೀನ್. ಟೀಯಿಂದ ಕುಳಿಯವರೆಗಿನ ಇಡೀ ಭಾಗಕ್ಕೆ ಹೋಲ್ ಎಂದು ಹೆಸರು, ಅಂಥವು ಹದಿನೆಂಟು. ಪಾರ್ಕ್‌ಲ್ಯಾಂಡ್‌ನಲ್ಲಿ ಈ ನಾಲ್ಕನ್ನೂ ಹೊಂದಿಸುವ ಸೂತ್ರಧಾರ ಮರ. ಫೇರ್‌ವೇಯ ತಿರುವಿನಲ್ಲಿ ಒಂದು ಓಕ್ ನಿಂತಿದ್ದರೆ, ಅದರ ಎಡಕ್ಕೆ ಸುರಕ್ಷಿತವಾಗಿ ಹೊಡೆಯುವುದೋ ಅದರ ತಲೆಯ ಮೇಲಿಂದ ಹಾರಿಸಿ ಹಾದಿ ಉಳಿಸುವುದೋ ಎಂದು ಆಟಗಾರ ನಿಂತಲ್ಲೇ ಲೆಕ್ಕ ಹಾಕುತ್ತಾನೆ. ಮರದ ಹಿಂದೆ ನಿಂತು ಆ ಮುಖವನ್ನು ನೋಡುವುದೇ ಒಂದು ಸೊಗಸು.

ಮೌಂಟ್ ಜೂಲಿಯೆಟ್‌ನ ಮೂರನೆಯ ಹೋಲ್ ಎಲ್ಲರೂ ಚಿತ್ರ ತೆಗೆಯುವ ಜಾಗ. ಅದು ಪಾರ್ 3, ಎಂದರೆ ಒಂದೇ ಹೊಡೆತಕ್ಕೆ ಚೆಂಡು ಗ್ರೀನ್ ಸೇರಬೇಕು, ನಡುವೆ ನೀರು. ನೀರಿನಲ್ಲಿ ಮರಗಳ ನೆರಳು ತಲೆಕೆಳಗಾಗಿ ನಿಂತಿರುತ್ತದೆ. ಚೆಂಡು ನೀರಿಗೆ ಬಿದ್ದರೆ ಆ ನೆರಳು ಒಂದು ಕ್ಷಣ ಚೂರಾಗಿ ಮತ್ತೆ ಕೂಡಿಕೊಳ್ಳುತ್ತದೆ. ಆಡುವವರಿಗೆ ಅದು ಕಳೆದುಹೋದ ಹೊಡೆತ. ನೋಡುವವರಿಗೆ ಬ್ರೌನ್‌ನ ಕಾಲದ ತೋಟಗಾರರು ತೊರೆಗೆ ಒಡ್ಡು ಕಟ್ಟಿದ್ದು ಯಾಕೆಂಬುದಕ್ಕೆ ಉತ್ತರ.

ಇನ್ನು ಬಗ್ಗಿ ನೋಡಬೇಕಾದ್ದು ಹುಲ್ಲು. ಗ್ರೀನ್ ಮೇಲಿನ ಹುಲ್ಲನ್ನು ಸುಮಾರು ಮೂರು ಮಿಲಿಮೀಟರಿಗೆ ಕತ್ತರಿಸುತ್ತಾರೆ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಆಟದ ಋತುವಿನಲ್ಲಿ ಇದು ದಿನದಿನದ ಕೆಲಸ. ಫೇರ್‌ವೇಯಲ್ಲಿ ತಿಳಿಹಸಿರು, ಗಾಢ ಹಸಿರು ಪಟ್ಟೆಗಳು ಕಂಡು ಎರಡು ಜಾತಿಯ ಹುಲ್ಲಿರಬೇಕು ಎಂದುಕೊಳ್ಳುವವರಿದ್ದಾರೆ. ಹುಲ್ಲು ಒಂದೇ. ಯಂತ್ರ ಹೋದ ದಿಕ್ಕಿಗೆ ಎಸಳು ಬಾಗುತ್ತದೆ. ನೋಡುವವರಿಂದ ಆಚೆಗೆ ಬಾಗಿದ್ದು ಬೆಳಕನ್ನು ಹಿಂದಿರುಗಿಸಿ ತಿಳಿಯಾಗಿ ಕಾಣುತ್ತದೆ, ಇತ್ತ ಬಾಗಿದ್ದು ಗಾಢವಾಗಿ. ಆಚೆ ಬದಿಗೆ ಹೋಗಿ ತಿರುಗಿ ನೋಡಿದರೆ ಬಣ್ಣಗಳು ಅದಲುಬದಲಾಗಿರುತ್ತವೆ.

ಗ್ರೀನ್‌ನ ಗುಟ್ಟು ಇರುವುದು ಕೆಳಗೆ. ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಗೊತ್ತುಮಾಡಿದ ಮಾದರಿಯಂತೆ, ತಳದಲ್ಲಿ ನೀರು ಬಸಿಯುವ ಕೊಳವೆಗಳು, ಅದರ ಮೇಲೆ ಸುಮಾರು ಹತ್ತು ಸೆಂಟಿಮೀಟರ್ ಜಲ್ಲಿ, ಅದರ ಮೇಲೆ ಸುಮಾರು ಮೂವತ್ತು ಸೆಂಟಿಮೀಟರ್ ಮರಳು ಪ್ರಧಾನವಾದ ಮಣ್ಣು. ಒಳನಾಡಿನ ಹಸಿರಿನ ಅಡಿಯಲ್ಲೂ ಮತ್ತದೇ ಕಡಲ ತೀರದ ಗುಣ. ಗ್ರೀನ್ ಎಷ್ಟು ಚುರುಕು ಎಂದು ಅಳೆಯಲು ಸ್ಟಿಂಪ್‌ಮೀಟರ್ ಎಂಬ ತೋಡಿನ ಪಟ್ಟಿ ಇದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ರೂಪಿಸಿದ್ದು. ಅದರ ಮೇಲೆ ಚೆಂಡಿಟ್ಟು ಒಂದು ತುದಿ ಎತ್ತಿದರೆ ಚೆಂಡು ಜಾರಿ ಎಷ್ಟು ಅಡಿ ಉರುಳಿತೋ ಅದೇ ಲೆಕ್ಕ.

ಇಲ್ಲಿಯ ಗ್ರೀನ್‌ಗಳ ಗುಣ ಲೋಕಕ್ಕೆ ಗೊತ್ತಾದದ್ದು 2002ರ ಸೆಪ್ಟೆಂಬರ್‌ನಲ್ಲಿ. ಅಮೆರಿಕನ್ ಎಕ್ಸ್‌ಪ್ರೆಸ್ ಚಾಂಪಿಯನ್‌ಷಿಪ್‌ಗೆ ಬಂದ ಟೈಗರ್ ವುಡ್ಸ್ ನಾಲ್ಕು ದಿನ, 71 ಹೋಲ್‌ಗಳ ತನಕ ಒಂದೂ ಬೋಗಿ ಇಲ್ಲದೆ ಆಡಿದರು. ಎಂದರೆ ಪಾರ್ ಎಂಬ ಗೊತ್ತಾದ ಎಣಿಕೆಗಿಂತ ಒಂದೇ ಒಂದು ಹೊಡೆತವೂ ಎಲ್ಲೂ ಹೆಚ್ಚಾಗಲಿಲ್ಲ. 72ನೆಯದರಲ್ಲಿ, ಪಕ್ಕದಲ್ಲಿ ನೀರು ಕಾದಿರುವ ಹದಿನೆಂಟನೆಯ ಹೋಲ್‌ನಲ್ಲಿ, ಒಂದು ಹೊಡೆತ ಹೆಚ್ಚಾಯಿತು. ಆದರೂ ಪಾರ್‌ಗಿಂತ 25 ಕಡಿಮೆಯಲ್ಲಿ, ದಕ್ಷಿಣ ಆಫ್ರಿಕದ ರೆಟೀಫ್ ಗೂಸೆನ್‌ಗಿಂತ ಒಂದೇ ಹೊಡೆತದ ಮುನ್ನಡೆಯಲ್ಲಿ ಗೆದ್ದರು. 2022ರಲ್ಲಿ ಇಲ್ಲೇ ಐರಿಷ್ ಓಪನ್ ಗೆದ್ದ ಆಡ್ರಿಯನ್ ಮೆರಾಂಕ್ ಯುರೋಪಿನ ಪ್ರಮುಖ ಸರಣಿಯಲ್ಲಿ ಪ್ರಶಸ್ತಿ ಎತ್ತಿದ ಮೊದಲ ಪೋಲೆಂಡ್ ಆಟಗಾರ. ಸಂದರ್ಶಕರು ಹದಿನೆಂಟನೆಯ ಗ್ರೀನ್ ಹತ್ತಿರ ನಿಂತು, ವುಡ್ಸ್ ಎಡವಿದ್ದು ಎಲ್ಲಿ ಎಂದು ಕೇಳುತ್ತಾರೆ. ಗೆದ್ದ 71ಕ್ಕಿಂತ ತಪ್ಪಿದ ಆ ಒಂದೇ ಜನರಿಗೆ ಆಪ್ತ.

ಮರ, ಹುಲ್ಲು ಎರಡನ್ನೂ ನೋಡಿದವರಿಗೆ ಪಾರ್ಕ್‌ಲ್ಯಾಂಡ್‌ನ ನಿಜವಾದ ವಿಶೇಷ ಹೊಳೆಯುತ್ತದೆ. ಅಲ್ಲಿ ಎರಡು ಬಗೆಯ ಕಾಲ ಅಕ್ಕಪಕ್ಕ ಇವೆ. ಮರಕ್ಕೆ ಇನ್ನೂರು ವರ್ಷ. ಹುಲ್ಲಿಗೆ ನಿನ್ನೆ ರಾತ್ರಿಯ ವಯಸ್ಸು. ಹುಲ್ಲು ಕೆಟ್ಟರೆ ಒಂದು ಋತುವಿನಲ್ಲಿ ಸರಿಹೋಗುತ್ತದೆ. ಮರ ಬಿದ್ದರೆ ಸರಿಪಡಿಸಲು ಯಾರಿಂದಲೂ ಸಾಧ್ಯವಿಲ್ಲ. ಹಳೆಯ ಸಸಿತೋಟವೊಂದರ ನೆಲದಲ್ಲಿ 1930ರ ದಶಕದಲ್ಲಿ ರೂಪುಗೊಂಡ ಅಮೆರಿಕದ ಆಗಸ್ಟಾ ನ್ಯಾಷನಲ್‌ನಲ್ಲಿ ಪ್ರತಿ ಹೋಲ್‌ಗೂ ಒಂದೊಂದು ಗಿಡದ ಹೆಸರು. ಅಲ್ಲಿಯ ಹದಿನೇಳನೆಯ ಹೋಲ್‌ನ ಪೈನ್ ಮರಕ್ಕೆ ಚೆಂಡು ಬಡಿಸಿ ಬಡಿಸಿ ಬೇಸತ್ತ ಅಧ್ಯಕ್ಷ ಐಸೆನ್‌ಹೋವರ್ ಅದನ್ನು ಕಡಿಸಲು ಕೇಳಿದ್ದರು, ಕ್ಲಬ್ ಒಪ್ಪಲಿಲ್ಲ. ಅಧ್ಯಕ್ಷರ ಮಾತಿಗೂ ಜಗ್ಗದ ಮರವನ್ನು 2014ರ ಫೆಬ್ರುವರಿಯ ಹಿಮ ಬಿರುಗಾಳಿ ಮುರಿದುಹಾಕಿತು.

ಕಿಲ್ಕೆನಿಯವರಿಗೆ ಮರದ ಚಿಂತೆ ಇನ್ನೂ ಹತ್ತಿರದ್ದು. ಅಲ್ಲಿಯ ಜನರ ಮನಸ್ಸು ಗಾಲ್ಫ್‌ಗಿಂತ ಹರ್ಲಿಂಗ್‌ನಲ್ಲಿದೆ. ಬಾಗಿದ ತುದಿಯ ದಾಂಡಿನಿಂದ ಚೆಂಡನ್ನು ಗಾಳಿಯಲ್ಲೇ ಬಾರಿಸುವ ಐರ್ಲೆಂಡಿನ ಪುರಾತನ ಆಟ. ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ ಗೆದ್ದ ಕೌಂಟಿ ಕಿಲ್ಕೆನಿ. ದಾಂಡು ಆಗುವುದು ಆ್ಯಶ್ ಮರದ ಬುಡದಿಂದ, ಬೇರಿನತ್ತ ಬಾಗುವಲ್ಲಿಯ ಎಳೆಯಿಂದ. ಆ ಮರವನ್ನು ತುದಿಯಿಂದ ಒಣಗಿಸುತ್ತ ಬರುವ ಶಿಲೀಂಧ್ರ ರೋಗ ಐರ್ಲೆಂಡಿನಲ್ಲಿ 2012ರಲ್ಲಿ ಮೊದಲು ಪತ್ತೆಯಾಯಿತು. ಇಂದು ಆ ಸೀಮೆಯ ಬೇಲಿಸಾಲಿನಲ್ಲಿ, ಜುಲೈ ತಿಂಗಳ ನಡುಹಸಿರಿನಲ್ಲಿ, ಬೋಳು ರೆಂಬೆ ಚಾಚಿದ ಮರ ಕಂಡರೆ ಅದು ಆ್ಯಶ್.

ನದಿಯೂ ಅಷ್ಟೇ ನಾಜೂಕು. ಸಾಲ್ಮನ್, ಟ್ರೌಟ್ ಮೀನುಗಳಿಗೆ ಹೆಸರಾದ ನೋರ್‌ನಲ್ಲಿ ಒಂದು ಬಗೆಯ ಮುತ್ತಿನ ಚಿಪ್ಪಿನ ಜೀವಿ ಇದೆ. ಜಗತ್ತಿನಲ್ಲಿ ಅದಕ್ಕೆ ಈ ಒಂದೇ ನದಿ ಮನೆ, ಅದೂ ಮೇಲ್ಭಾಗದ ಸ್ವಲ್ಪ ದೂರದಲ್ಲಿ ಮಾತ್ರ. ತಳದ ಜಲ್ಲಿಯ ಮೇಲೆ ಹೂಳು ಕೂತರೆ ಅದರ ಮರಿಗಳು ಬದುಕುವುದಿಲ್ಲ. ಹೊಲದ ಗೊಬ್ಬರವಾಗಲಿ ಮೈದಾನದ ಗೊಬ್ಬರವಾಗಲಿ, ಮಳೆಯಲ್ಲಿ ಕೊಚ್ಚಿ ನದಿಗೆ ಇಳಿಯದಂತೆ ದಂಡೆಯಲ್ಲಿ ಹುಲ್ಲುಪೊದೆ ಬಿಡುವುದು ಅದಕ್ಕಾಗಿಯೇ ಮುಖ್ಯ. ಅಂಚಿನಲ್ಲಿ ಕತ್ತರಿಸದೆ ಬಿಟ್ಟ ಜಾಗ ಕಂಡಾಗ ಸೋಮಾರಿತನ ಎಂದು ಭಾವಿಸಬಾರದು. ಮೈದಾನ ತನ್ನ ನೆರೆಯವರಿಗೆ ತೋರಿಸುವ ಮರ್ಯಾದೆ ಅದು.

ಇದೇ ಮರ್ಯಾದೆ ಕರ್ನಾಟಕದಲ್ಲೂ ಬೇಕು. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಸೀಮೆಯಲ್ಲೇ ಮೈದಾನಗಳಿವೆ. ಐರ್ಲೆಂಡಿಗೆ ವರ್ಷವಿಡೀ ಹನಿಯುವ ಮಳೆ ಇದೆ. ಅಲ್ಲಿಯೂ 2018ರ ಬೇಸಿಗೆಯಲ್ಲಿ ಬರ ಬಂದು, ತೋಟಕ್ಕೆ ಕೊಳವೆಯಲ್ಲಿ ನೀರು ಬಿಡುವುದನ್ನು ನಿಷೇಧಿಸಬೇಕಾಯಿತು. ನಾಲ್ಕು ತಿಂಗಳು ಸುರಿದು ಎಂಟು ತಿಂಗಳು ಕಾಯಿಸುವ ನಾಡಿನಲ್ಲಿ ಐರ್ಲೆಂಡಿನ ಹಸಿರನ್ನು ನಕಲು ಮಾಡಲು ಹೊರಟರೆ ಬೆಲೆ ತೆರುವುದು ಕೊಳವೆಬಾವಿ. ಮಲೆನಾಡಿನ ಮೈದಾನಕ್ಕೆ ಹೊನ್ನೆ, ನಂದಿ, ಹಲಸು ನೆರಳು ಕೊಡಲಿ. ಬಯಲುಸೀಮೆಯದು ಬೇಸಿಗೆಯಲ್ಲಿ ಕಂದಾಗಲಿ. ಸೇಂಟ್ ಆಂಡ್ರೂಸ್ ಕೂಡ ಒಣ ಬೇಸಿಗೆಯಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ, ಯಾರೂ ಅದನ್ನು ಕೀಳು ಮೈದಾನ ಎನ್ನುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಜೂನ್, ಜುಲೈನಲ್ಲಿ ಐರ್ಲೆಂಡಿನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ನೆಲದ ಏರಿಳಿತವೆಲ್ಲ ಎದ್ದು ಕಾಣುತ್ತದೆ. ನಡೆಯುವುದಕ್ಕೆ ಗುರುತು ಮಾಡಿದ ದಾರಿ ಬಿಟ್ಟು ಫೇರ್‌ವೇಗೆ ಇಳಿಯಬಾರದು. ಗ್ರೀನ್ ಮೇಲೆ ಕಾಲಿಡಲೇಬಾರದು. ಆಟಗಾರ ಚೆಂಡಿನ ಮುಂದೆ ನಿಂತ ಮೇಲೆ ಮಾತು, ಕ್ಯಾಮೆರಾದ ಸದ್ದು ಎರಡೂ ನಿಲ್ಲಬೇಕು. ‘ಫೋರ್!’ ಎಂಬ ಕೂಗು ಕೇಳಿದರೆ ಎತ್ತಲೂ ನೋಡದೆ ತಲೆ ಬಗ್ಗಿಸಿ ಕೈಯಿಂದ ಮುಚ್ಚಿಕೊಳ್ಳಬೇಕು. ದಿಕ್ಕು ತಪ್ಪಿದ ಚೆಂಡು ಬರುತ್ತಿದೆ ಎಂದರ್ಥ. ನೀರು ಹಿಡಿಯದ ಬೂಟು ಇರಲಿ, ಇಬ್ಬನಿ ತೊಯ್ಯಿಸದೆ ಬಿಡುವುದಿಲ್ಲ.

ಅಲ್ಲೇ ತಂಗಿದವರು ಒಂದು ದಿನವಾದರೂ ಬೇಗ ಏಳಬೇಕು. ಮೊದಲ ಆಟಗಾರ ಬರುವ ಮುನ್ನ ಮೈದಾನ ನೋಡಿಕೊಳ್ಳುವವರು ಬಂದಿರುತ್ತಾರೆ. ಒಬ್ಬರು ಉದ್ದನೆಯ ಬಳುಕುವ ಕೋಲನ್ನು ಗ್ರೀನ್ ಮೇಲೆ ಬೀಸುತ್ತ ಇಬ್ಬನಿ ಒದರುತ್ತಾರೆ. ತೇವ ನಿಂತರೆ ಹುಲ್ಲಿಗೆ ರೋಗ. ಇನ್ನೊಬ್ಬರ ಕೈಯಲ್ಲಿ ಹಿಡಿಯಿರುವ ಕೊಳವೆಯಂಥ ಕತ್ತಿ. ದಿನವಿಡೀ ಒಂದೇ ಕುಳಿಯ ಸುತ್ತ ಓಡಾಡಿದರೆ ಹುಲ್ಲು ಸವೆಯುತ್ತದೆಂದು ಕುಳಿಯನ್ನು ಹೊಸ ಜಾಗಕ್ಕೆ ಸರಿಸುತ್ತಾರೆ. ಅವರು ಜಾಗ ನೋಡಿ, ಮೊಣಕಾಲೂರಿ, ಕತ್ತಿಯನ್ನು ಒತ್ತಿ ತಿರುಗಿಸುತ್ತಾರೆ. 108 ಮಿಲಿಮೀಟರ್ ಅಗಲದ ಹುಲ್ಲು, ಬೇರು, ಮಣ್ಣು ಒಂದೇ ಉಂಡೆಯಾಗಿ ಮೇಲೆ ಬರುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಹಳೆಯ ಕುಳಿಯ ಹತ್ತಿರ ನಡೆದು, ಒಳಗೆ ಕೂರಿಸಿ, ಅಂಗೈಯಿಂದ ಸಮ ಮಾಡಿ, ಸ್ವಲ್ಪ ನೀರು ಹಾಕುತ್ತಾರೆ. ಬಾವುಟ ಹೊಸ ಜಾಗದಲ್ಲಿ ನಿಲ್ಲುತ್ತದೆ. ಆಚೆ ಓಕ್ ಮರದ ತುದಿಗೆ ಬಿಸಿಲು ತಾಕಿರುತ್ತದೆ, ನೋರ್ ನದಿಯ ಮೇಲೆ ಮಂಜು ಇನ್ನೂ ಎದ್ದಿರುವುದಿಲ್ಲ, ಮೊದಲ ಟೀಯ ಕಡೆಯಿಂದ ಯಾರೋ ಬ್ಯಾಗು ಇಳಿಸಿದ ಸದ್ದು ಕೇಳುತ್ತದೆ.